ಒಂದೇ ಜಾಗದಲ್ಲಿ ಬಿಟ್ಟ ಕುಣಿಕೆ

ಹೆಡ್‌ಮೇಡಂ ಮಕ್ಕಳ ಹೆಣಿಗೆಯ ಚೌಕಗಳನ್ನು ಮೇಜಿನ ಮೇಲೆ ಸುರಿದುಕೊಂಡು, ಸತ್ತ ಇಲಿಯನ್ನು ಎತ್ತುವವರ ಹಾಗೆ ಒಂದನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿದರು.

"ಇದೇನು?"

"ಚೌಕ, ಮೇಡಂ. ನಾಲ್ಕನೇ ತರಗತಿಯವರು ಹೆಣೆದಿದ್ದು. ಎಲ್ಲಾ ಸೇರಿಸಿ ಹೊಲಿದು ಒಂದು ಹೊದಿಕೆ ಮಾಡಿ, ಶನಿವಾರ ಅಧ್ಯಕ್ಷೆಯವರಿಗೆ ಕೊಡೋಣ ಅಂತ ನೀವೇ..."

"ಚೌಕ ಅಂದ್ರೆ ನಾಲ್ಕು ಮೂಲೆ ಇರಬೇಕಲ್ಲಮ್ಮ? ಇದಕ್ಕೆ ಐದಿದೆ. ಇದಕ್ಕೆ ಮೂರು. ಇದನ್ನ ಯಾರಾದ್ರೂ ಅಗಿದು ಉಗಿದ್ರಾ?"

ಟೀಚರ್ ಆ ಚೌಕವನ್ನು ಕೈಗೆ ತೆಗೆದುಕೊಂಡಳು. ಅಗಿದು ಉಗಿದ ಹಾಗಿದ್ದ ಚೌಕದ ಹುಡುಗ, ಮೊದಲ ಸಾಲು ಮುಗಿಸಿದ ದಿನ ಬೆಂಚಿನ ಮೇಲೆ ಹತ್ತಿ ಕುಣಿದಿದ್ದ. ಅದನ್ನು ಇಲ್ಲಿ ಹೇಳಿ ಏನು ಪ್ರಯೋಜನ?

"ಅಧ್ಯಕ್ಷೆಯವರು ಸ್ವತಃ ಹೆಣೀತಾರೆ ಗೊತ್ತಾ? ಮೀಟಿಂಗಲ್ಲೂ ಮಡಿಲಲ್ಲಿ ಕಡ್ಡಿ ಇರುತ್ತೆ. ಅಂಥವರ ಮುಂದೆ ಇದನ್ನಿಟ್ರೆ ನನ್ನ ಮುಖಕ್ಕೆ ನಾನೇ ಮಸಿ ಬಳ್ಕೊಂಡ ಹಾಗೆ. ನೀವೇ ಹೆಣೆದುಬಿಡಿ."

"ಎಲ್ಲಾನೂ? ನಾನೊಬ್ಳೇನಾ?"

"ನಿಮ್ಮದು ಕೈಯಲ್ಲ, ಮಷೀನು ಅಂತಾರೆ ಸ್ಟಾಫ್ ರೂಮಲ್ಲಿ. ಶುಕ್ರವಾರದೊಳಗೆ ಆಗಲ್ವಾ? ಒಂದೊಂದಕ್ಕೂ ಒಂದೊಂದು ಮಗುವಿನ ಹೆಸರು ಅಂಟಿಸಿದ್ರೆ ಆಯ್ತು. ಮಕ್ಕಳದ್ದೇ ಆಗುತ್ತೆ."

"ದಾರ, ಮೇಡಂ?"

"ಇದೆಯಲ್ಲ." ಹೆಡ್‌ಮೇಡಂ ಚೌಕಗಳ ರಾಶಿಯನ್ನು ಅವಳ ಕಡೆಗೆ ತಳ್ಳಿದರು. "ಬಿಚ್ಚಿ."

ಅವಳು ವರ್ಷಾನುಗಟ್ಟಲೆ ಆ ಶಾಲೆಯಲ್ಲಿ ಪಾಠ ಮಾಡಿದ್ದಳು, ಆದರೆ ಆ ಶಾಲೆಯವಳಾಗಿರಲಿಲ್ಲ. ದೊಡ್ಡ ರಜೆ ಶುರುವಾದ ದಿನ ತೆಗೆದುಹಾಕಿ, ಶಾಲೆ ತೆರೆದ ದಿನ ಮತ್ತೆ ಸೇರಿಸಿಕೊಳ್ಳುವ ತಾತ್ಕಾಲಿಕ ಟೀಚರ್. ಬಾಡಿಗೆಗೆ ತಂದ ಕುರ್ಚಿಗೆ ಮನೆಯಲ್ಲಿ ಎಷ್ಟು ನೆಲೆಯೋ ಅವಳಿಗೂ ಅಷ್ಟೇ. ನಾಲ್ಕನೇ ತರಗತಿಗೆ ಭಾಷೆ, ಲೆಕ್ಕ, ಪರಿಸರ ಎಲ್ಲವೂ ಅವಳದೇ. ಶುಕ್ರವಾರ ಮಧ್ಯಾಹ್ನದ ಹೆಣಿಗೆಯೂ ಅವಳದೇ. ಈ ವರ್ಷ ಆಡಳಿತ ಮಂಡಳಿ ಒಬ್ಬರನ್ನು ಖಾಯಂ ಮಾಡುತ್ತೇನೆಂದಿತ್ತು. ಒಬ್ಬರನ್ನು ಮಾತ್ರ. ಇವಳನ್ನು, ಇಲ್ಲವೇ ಡ್ರಾಯಿಂಗ್ ಮೇಷ್ಟ್ರನ್ನು. ಶನಿವಾರ ಮಂಡಳಿಯ ಹೊಸ ಅಧ್ಯಕ್ಷೆ ಬಂದು ಇಬ್ಬರ ಕೆಲಸವನ್ನೂ ನೋಡಿ ತೀರ್ಮಾನಿಸುತ್ತಾರೆ. ಉಳಿದವರಿಗೆ ರಜೆಯ ನಂತರ ಗೇಟು ತೆರೆಯುವುದಿಲ್ಲ. ಅವಳ ಮಗಳು ಓದುತ್ತಿದ್ದದ್ದೂ ಅಲ್ಲಿಯೇ, ಅಮ್ಮನ ತರಗತಿಯಲ್ಲೇ, ಟೀಚರ ಮಗು ಎಂಬ ಕಾರಣಕ್ಕೆ ಫೀಸಿಲ್ಲದೆ. ಸದಾ ಕಣ್ಣು ಮಿಟುಕಿಸುತ್ತಿದ್ದ ಆ ಹುಡುಗಿಗೆ ಅಜ್ಜಿ ಇಟ್ಟ ಹೆಸರು ಮಿಣುಕಿ. ಅಮ್ಮ ಗೇಟಿನಿಂದ ಹೊರಗೆ ಬಿದ್ದರೆ ಮಿಣುಕಿಯೂ ಹೊರಗೆ.

ಆದ್ದರಿಂದ ಅವಳು ಬಿಚ್ಚಿದಳು.

ಸ್ಟಾಫ್ ರೂಮಿನಲ್ಲಿ, ಕುರ್ಚಿಯ ಬೆನ್ನಿಗೆ ದಾರ ಸುತ್ತುತ್ತಾ ಒಂದೊಂದಾಗಿ ಬಿಚ್ಚಿದಳು. ಎಲ್ಲವೂ ಮಕ್ಕಳು ಮನೆಯಿಂದ ತಂದ ಹಳೆಯ ಉಣ್ಣೆ. ಅಪ್ಪನ ಸ್ವೆಟರಿನ ತೋಳು, ಜೋಡಿ ಕಳೆದುಕೊಂಡ ಒಂಟಿ ಕಾಲುಚೀಲ, ಯಾರೋ ಹೊದ್ದು ಸವೆಸಿದ ಶಾಲು. ನಾಲಿಗೆಯನ್ನು ಬಾಯಿಂದಾಚೆ ಇಟ್ಟುಕೊಂಡು ಮಕ್ಕಳು ಅರ್ಧ ವರ್ಷ ಹೆಣೆದದ್ದು ಒಂದು ಎಳೆತಕ್ಕೆ ಸರ್ರನೆ ಬಿಚ್ಚಿಕೊಂಡಿತು. ಕೂಡಿಸಲು ವರ್ಷ ಬೇಕು, ಕೆಡಿಸಲು ಚಿಟಿಕೆ ಹೊತ್ತು ಸಾಕು.

"ಏನು ಟೀಚರಮ್ಮ, ಮಕ್ಕಳ ಭವಿಷ್ಯ ಬಿಚ್ತಾ ಇದ್ದೀರಾ?" ಎದುರು ಮೇಜಿನಿಂದ ಡ್ರಾಯಿಂಗ್ ಮೇಷ್ಟ್ರು ಕೇಳಿದರು. ಅವರು ಒಂದು ಸೂರ್ಯಾಸ್ತಕ್ಕೆ ಕೊನೆಯ ಕೆಂಪು ಬಳಿದು, ಅದರ ಕೆಳಗೆ ಎರಡನೇ ತರಗತಿಯ ಹುಡುಗನೊಬ್ಬನ ಹೆಸರನ್ನು ಎಡಗೈಯಲ್ಲಿ ಸೊಟ್ಟಸೊಟ್ಟ ಬರೆಯುತ್ತಿದ್ದರು.

"ನೀವು ಬಳೀತಾ ಇಲ್ವಾ ಮೇಷ್ಟ್ರೇ? ಹಾಗೆ ನಾನು ಬಿಚ್ತಾ ಇದ್ದೀನಿ."

"ನಂದು ನೋಡಿ, ಮಕ್ಕಳ ಕೈಗೆ ಕುಂಚ ಕೊಡೋದೇ ಇಲ್ಲ. ಕೊಟ್ಟರೆ ತಾನೇ ಕಿತ್ತುಕೊಳ್ಳೋ ಪಾಪ? ನೀವು ಕಲಿಸಿ ಕೆಟ್ಟಿರಿ."

ಅಕ್ಕಪಕ್ಕದವರು ನಕ್ಕರು. ಅವಳೂ ನಕ್ಕಳು. ಒಂದೇ ಅನ್ನದ ತಟ್ಟೆಗೆ ಇಬ್ಬರನ್ನು ಕೂರಿಸಿದವರು ಯಾರೋ, ನಗುತ್ತಾ ಒಬ್ಬರನ್ನೊಬ್ಬರು ಚುಚ್ಚಬೇಕಾದವರು ಇವರು.

ಮರುದಿನ ಬೆಳಗ್ಗೆ ಮೊದಲ ಕಂತಿನ ಚೌಕಗಳನ್ನು ಹೆಡ್‌ಮೇಡಂ ಮುಂದೆ ಇಟ್ಟಳು. ಅಂಗೈಗಿಂತ ತುಸು ದೊಡ್ಡವು. ಗೆರೆ ಎಳೆದ ಹಾಗೆ ಅಂಚು, ಒಂದೇ ಬಿಗಿ.

"ತುಂಬಾ ಚೆನ್ನಾಗಿದೆ," ಎಂದರು ಹೆಡ್‌ಮೇಡಂ, ಕಳ್ಳಿಯನ್ನು ಹಿಡಿದವರ ದನಿಯಲ್ಲಿ. "ಯಾರು ನಂಬ್ತಾರೆ ಇದನ್ನ? ಅಧ್ಯಕ್ಷೆಯವರಿಗೆ ಒಂದೇ ನೋಟ ಸಾಕು. ಅಲ್ಲಲ್ಲಿ ಒಂದಿಷ್ಟು ತಪ್ಪು ಮಾಡಿ. ಆದ್ರೆ ತಪ್ಪು ಮುದ್ದಾಗಿರಬೇಕು, ಅಸಹ್ಯವಾಗಿರಬಾರದು. ಅರ್ಥ ಆಯ್ತಲ್ಲ?"

ಅರ್ಥವಾಗಿತ್ತು. ಕೈಗೆ ಆಗಿರಲಿಲ್ಲ. ತಪ್ಪಿದರೆ ಬೆರಳ ಗಿಣ್ಣಿಗೆ ಮರದ ಸ್ಕೇಲಿನ ಏಟು ಬೀಳುತ್ತಿದ್ದ ಕಾಲದಲ್ಲಿ ಅವಳ ತಾಯಿ ಕಲಿಸಿದ ಕೈ ಅದು. ಬೇಕೆಂದೇ ಒಂದು ಕುಣಿಕೆಯನ್ನು ಕಡ್ಡಿಯಿಂದ ಬಿಡಲು ಹೋದರೆ ಬೆರಳು ಬೆಚ್ಚಿ ತಾನಾಗಿಯೇ ಹಿಂದಕ್ಕೆ ಹೋಗಿ ಅದನ್ನು ಎತ್ತಿಕೊಳ್ಳುತ್ತಿತ್ತು. ಬಲವಂತವಾಗಿ ಬಿಟ್ಟಳು. ಮೊದಮೊದಲು ತಪ್ಪುಗಳಲ್ಲಿ ವೈವಿಧ್ಯವಿತ್ತು: ಒಂದಕ್ಕೆ ಸಡಿಲ ಅಂಚು, ಇನ್ನೊಂದಕ್ಕೆ ನಡುವೆ ಗಂಟು, ಮತ್ತೊಂದಕ್ಕೆ ಉಲ್ಟಾ ಸಾಲು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೆನೆದು, ಇವನಾದರೆ ಎಲ್ಲಿ ಎಡವುತ್ತಾನೆ, ಇವಳಾದರೆ ಎಲ್ಲಿ ಎಳೆಯುತ್ತಾಳೆ ಎಂದು ಯೋಚಿಸಿ ಮಾಡಿದ ತಪ್ಪುಗಳು.

ಹೆಡ್‌ಮೇಡಂ ಅವನ್ನೂ ವಾಪಸು ಕಳಿಸಿದರು. ಗಂಟು ಅಸಹ್ಯ. ಉಲ್ಟಾ ಸಾಲು ಅಸಹ್ಯ. ಮುದ್ದಾಗಿ ಕಂಡದ್ದು ಒಂದೇ: ಎಡಗಡೆ ಅಂಚಿನ ಹತ್ತಿರ ಒಂದು ಕುಣಿಕೆ ತಪ್ಪಿ, ಕಡಲೆಕಾಳಿನಷ್ಟು ತೂತು ಬಿದ್ದಿದ್ದ ಚೌಕ. "ಇದು ನೋಡಿ, ಮಗು ಹಲ್ಲು ಬಿದ್ದ ಹಾಗಿದೆ. ಇಂಥದ್ದು ಮಾಡಿ." ಉಳಿದವನ್ನು ಅವಳು ಮನೆಯಲ್ಲಿ, ಮಿಣುಕಿಯ ಮುಂದೆಯೇ, ಕುರ್ಚಿಯ ಬೆನ್ನಿಗೆ ಸುತ್ತುತ್ತಾ ಮತ್ತೆ ಬಿಚ್ಚಿದಳು.

ಆ ವಾರವೇ ಕಿರುಪರೀಕ್ಷೆ. ಮಕ್ಕಳು ಭಾಗಾಕಾರ ಬಿಡಿಸುತ್ತಿದ್ದರೆ ಅವಳು ಮೇಜಿನ ಕೆಳಗೆ ಹೆಣೆದಳು. ಊಟದ ಬಿಡುವಿನಲ್ಲಿ ಎಡಗೈಯಿಂದ ಬ್ರೆಡ್ಡು ತಿಂದು ಬಲಗೈಯಿಂದ ಉತ್ತರಪತ್ರಿಕೆ ತಿದ್ದಿ, ಕೈ ಒರೆಸಿಕೊಂಡು ಮತ್ತೆ ಹೆಣೆದಳು. ಬಸ್ಸಿನಲ್ಲಿ ಮಿಣುಕಿಯ ತೊಡೆಯ ಮೇಲೆ ದಾರದ ಉಂಡೆ, ಅಮ್ಮನ ಕೈಯಲ್ಲಿ ಕಡ್ಡಿ. ಕಂಡಕ್ಟರ್ "ಟೀಚರಮ್ಮ, ಕಡ್ಡಿ ಒಳಗಿಡಿ, ಬ್ರೇಕ್ ಹಾಕಿದ್ರೆ ಯಾರದ್ದಾದ್ರೂ ಕಣ್ಣು ಹೋಗುತ್ತೆ," ಎಂದ. "ಹೋದ್ರೆ ನಂದೇ ಹೋಗ್ಲಿ ಬಿಡಪ್ಪ, ಇನ್ನೇನೂ ನೋಡೋದು ಬಾಕಿ ಇಲ್ಲ," ಎಂದಳು.

ಮನೆಯಲ್ಲಿ ಅತ್ತೆ ಕಾಲು ನೀಡಿ ಕೂತಿರುತ್ತಿದ್ದರು. ಮಂಡಿ ನಡೆಯದಿದ್ದರೂ ನಾಲಿಗೆಗೆ ಯಾವ ನೋವೂ ಇರಲಿಲ್ಲ.

"ಬಂದ್ಲು ನೋಡಪ್ಪ ನೇಕಾರ್ತಿ. ಊರಿಗೆ ಉಪಕಾರಿ, ಮನೆಗೆ ಮಾರಿ. ಹೋದ ಚಳಿಗಾಲದಿಂದ ಮಂಡಿಗೊಂದು ಪಟ್ಟಿ ಹೆಣೆದುಕೊಡೇ ಅಂತಿದ್ದೀನಿ, ಕಿವಿಗೆ ಬಿತ್ತಾ?"

"ಈ ವಾರ ಒಂದು ಮುಗೀಲಿ ಅತ್ತೆ."

"ನಿನ್ನ ವಾರ ಮುಗಿಯೋದು ಯಾವಾಗ, ನನ್ನ ಮಂಡಿ ಮುಗಿದ ಮೇಲಾ?"

ಸಾಮಾನು ಸಾಗಿಸುವ ವ್ಯಾನಿನ ಚಾಲಕ ಅವಳ ಗಂಡ. ಸಂಜೆ ಬಂದವನು ಅಡುಗೆಮನೆಯಲ್ಲಿ ಇಣುಕಿದ. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಅವಳು ಅದರ ಪಕ್ಕದಲ್ಲೇ ನಿಂತು ಹೆಣೆಯುತ್ತಿದ್ದಳು.

"ಲೇ, ಪಲ್ಯದಲ್ಲಿ ದಾರ ಸಿಕ್ಕಿದ್ರೆ ಸುಮ್ನಿರಲ್ಲ."

"ಸಿಕ್ಕಿದ್ರೆ ಹಲ್ಲಿಗಾದ್ರೂ ಉಪಯೋಗ ಆಗುತ್ತೆ, ತಿಕ್ಕೊಳ್ಳಿ. ಆ ತರಕಾರಿ ಸ್ವಲ್ಪ ಹೆಚ್ಚಿಕೊಡಬಾರದಾ?"

"ನಾನು ದಿನವೆಲ್ಲಾ ಸ್ಟೇರಿಂಗ್ ತಿರುಗಿಸಿ ಬಂದಿರೋನು."

"ನಾನೇನು ಆಕಾಶ ನೋಡ್ತಾ ಕೂತಿದ್ನಾ?"

"ಖಾಯಂ ಆಗ್ಲಿ, ಆಮೇಲೆ ಮಾತಾಡು," ಎಂದು ಅವನು ಹೊರಗೆ ಹೋದ. ಮನೆಯಲ್ಲೂ ಅವಳು ತಾತ್ಕಾಲಿಕವೇ.

ವಾರದ ನಡುವಿನಲ್ಲಿ ಅವಳ ತಪ್ಪುಗಳು ಒಂದೇ ಆದವು. ಹೊಸ ತಪ್ಪು ಹುಡುಕುವುದಕ್ಕೂ ಬಿಡುವು ಬೇಕಲ್ಲ? ಮೇಲಿನ ಅಂಚಿಗೆ ಮೂರು ಸಾಲು ಉಳಿದಾಗ, ಎಡಗಡೆಯಿಂದ ಐದನೇ ಕುಣಿಕೆ ಬಿಡು, ಬಿಟ್ಟದ್ದು ಕೆಳಕ್ಕೆ ಓಡದ ಹಾಗೆ ಪಕ್ಕದ್ದರ ಜೊತೆ ಸೇರಿಸು, ಮುಂದೆ ಹೋಗು. ಮೊದಲು ಬೆಚ್ಚುತ್ತಿದ್ದ ಬೆರಳು ಈಗ ತಾನೇ ಅಲ್ಲಿಗೆ ಬಂದು, ತಾನೇ ಬಿಟ್ಟು, ತಾನೇ ಮುಂದೆ ಸಾಗುತ್ತಿತ್ತು. ಗಾಣದೆತ್ತಿಗೆ ಕಣ್ಣು ಕಟ್ಟಿದರೂ ತಿರುವು ಗೊತ್ತಿರುವ ಹಾಗೆ.

ಇದನ್ನೆಲ್ಲ ಒಂದು ಜೊತೆ ಕಣ್ಣು ಮಿಟುಕುತ್ತಾ ನೋಡುತ್ತಿತ್ತು. ಬಸ್ಸಿನಲ್ಲಿ, ಒಲೆಯ ಪಕ್ಕದಲ್ಲಿ, ಹಾಸಿಗೆಯ ತುದಿಯಲ್ಲಿ. ಮಿಣುಕಿಗೆ ಶುಕ್ರವಾರದ ತರಗತಿಯಲ್ಲಿ ಹೆಣಿಗೆ ಹತ್ತಿರಲಿಲ್ಲ. ಅಲ್ಲಿ ಅಮ್ಮ ಎಲ್ಲರ ಅಮ್ಮ, ಇವಳ ಬೆಂಚಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಈ ವಾರ ಮಾತ್ರ ಅಮ್ಮನ ಕೈ ಅವಳ ಮುಖದ ಮುಂದೆಯೇ ಇತ್ತು. ಅವಳು ಹಳೆಯ ಕಡ್ಡಿ ಎರಡನ್ನೂ ತುಂಡು ದಾರವನ್ನೂ ತೆಗೆದುಕೊಂಡು ಮೂಲೆಯಲ್ಲಿ ಕೂತಳು.

"ಅಮ್ಮಾ, ನೋಡು, ನಂಗೂ ಬಂತು."

"ಚೆನ್ನಾಗಿದೆ ಕಣೇ," ಎಂದಳು ತಲೆ ಎತ್ತದೆ. ಮಗಳು ಗಲಾಟೆ ಮಾಡದೆ ಕೂತಿದ್ದಾಳಲ್ಲ, ಅಷ್ಟು ಸಾಕಾಗಿತ್ತು.

ತರಗತಿಯಲ್ಲಿ ಟೀಚರ ಕೈ ಹೆಣೆಯುತ್ತಿದ್ದ ಕೆಂಪು ದಾರವನ್ನು ಒಂದು ಮಗು ಗುರುತು ಹಿಡಿಯಿತು. ಆ ಹುಡುಗಿಯನ್ನು ಎಲ್ಲರೂ ಎಡಚಿ ಎನ್ನುತ್ತಿದ್ದರು. ಎಡಗೈಯವಳು. ಅವಳಿಗಾಗಿ ಟೀಚರ್ ಹೆಣಿಗೆಯ ಪಾಠವನ್ನೆಲ್ಲ ಕನ್ನಡಿಯ ಮುಂದೆ ಕೂತು ತಿರುಗಾಮುರುಗಾ ಕಲಿತು ಬಂದಿದ್ದಳು. ಇಡೀ ತರಗತಿಯಲ್ಲಿ ನಾಲ್ಕು ಮೂಲೆಯ ಚೌಕ ಹೆಣೆದದ್ದು ಎಡಚಿ ಒಬ್ಬಳೇ.

"ಟೀಚರ್, ಅದು ನನ್ನ ದಾರ ಅಲ್ವಾ? ಅಪ್ಪನ ಸ್ವೆಟರಿಂದು?"

"ಇಲ್ಲ."

"ಹೌದು ಟೀಚರ್, ಅದರಲ್ಲಿ ಗ್ರೀಸ್ ಕಲೆ ಇದೆ ನೋಡಿ. ನನ್ನ ಚೌಕ ಎಲ್ಲಿ?"

"ಬಾಯಿ ಮುಚ್ಕೊಂಡು ಲೆಕ್ಕ ಬಿಡಿಸು! ಎಷ್ಟು ಮಾತು! ಮೊದಲು ಭಾಗಾಕಾರ ಸರಿಯಾಗಿ ಮಾಡೋದು ಕಲಿ."

ಭಾಗಾಕಾರದಲ್ಲಿ ಎಡಚಿಯದು ಎಂದೂ ತಪ್ಪಾಗುತ್ತಿರಲಿಲ್ಲ. ಹುಡುಗಿ ಕೂತಳು. ಟೀಚರ್ ಮೇಜಿನ ಕೆಳಗೆ, ಗ್ರೀಸ್ ಕಲೆಯ ಎಳೆಯಲ್ಲಿ, ಎಡಗಡೆಯಿಂದ ಐದನೆಯದನ್ನು ಬಿಟ್ಟಳು.

ಶುಕ್ರವಾರ ಸಂಜೆ ಚೌಕಗಳನ್ನೆಲ್ಲ ನೆಲದ ಮೇಲೆ ಹರಡಿ ಒಂದಕ್ಕೊಂದು ಹೊಲಿದು ಸೇರಿಸಿದಳು. ಬಲ್ಬು ಮಂಕು, ನೆಲ ಕಪ್ಪು; ಬಣ್ಣಗಳು ಮಾತ್ರ ಕಂಡವು, ತೂತು ಕಾಣಲಿಲ್ಲ. ಅತ್ತೆ ಕೂತಲ್ಲಿಂದಲೇ ಅಂಚನ್ನು ಮುಟ್ಟಿ ನೋಡಿದರು.

"ಬೆಚ್ಚಗಿದೆ," ಎಂದರು. ಆ ಮನೆಗೆ ಬಂದಾಗಿನಿಂದ ಅವಳಿಗೆ ಸಿಕ್ಕ ಮೊದಲ ಸರ್ಟಿಫಿಕೇಟು.

ಸಭಾಂಗಣದ ದೊಡ್ಡ ಕಿಟಕಿಗೆ ಅಡ್ಡಲಾಗಿ ಹೊದಿಕೆಯನ್ನು ಇಳಿಬಿಡಬೇಕೆಂದು ಹೇಳಿದ್ದು ಹೆಡ್‌ಮೇಡಂ. "ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕಣ್ಣಿಗೆ ಹೊಡೀಬೇಕು." ಶನಿವಾರ ಬೆಳಗ್ಗೆ ಮೋಡವಿತ್ತು. ಗೋಡೆಯ ತುಂಬ ಸೂರ್ಯಾಸ್ತಗಳು, ಕಿಟಕಿಯಲ್ಲಿ ಹೊದಿಕೆ, ಕೆಳಗಿನ ಮೇಜಿನ ಮೇಲೆ ತೋರಿಕೆಗೆಂದು ಕೊನೆಯ ನಾಲ್ಕೈದು ಸಾಲು ಉಳಿಸಿ ಕಡ್ಡಿಯಲ್ಲೇ ಬಿಟ್ಟ ಎರಡು ಚೌಕ. ನಾಲ್ಕನೇ ತರಗತಿಯವರನ್ನು ಎರಡು ಸಾಲಲ್ಲಿ ನಿಲ್ಲಿಸಿದ್ದರು. ಎಡಚಿ ಸಾಲಿನಿಂದ ಜಾರಿ ಹೊದಿಕೆಯ ಹತ್ತಿರ ಹೋದಳು. ತನ್ನ ಹೆಸರಿದ್ದ ಕೆಂಪು ಚೌಕವನ್ನು ಹುಡುಕಿ, ತೂತಿನೊಳಗೆ ಬೆರಳು ತೂರಿಸಿದಳು.

"ಟೀಚರ್, ದಾರ ನಂದೇ. ತಪ್ಪು ನಂದಲ್ಲ."

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಟೀಚರ್ ಹುಡುಗಿಯ ತೋಳು ಹಿಡಿದು ಎಳೆದಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಳೆಯ ಮಾಂಸವನ್ನು ಹಿಂಡಿದಳು. "ಒಂದು ಮಾತು ಆಡಿದ್ರೆ ನೋಡು!" ಎಡಚಿಯ ಕಣ್ಣಲ್ಲಿ ನೀರು ತುಂಬಿತು, ಹನಿ ಬೀಳಲಿಲ್ಲ. ಆ ಹುಡುಗಿಯ ಗಟ್ಟಿತನವನ್ನು ಮೆಚ್ಚುವ ಹೊತ್ತು ಅದಾಗಿರಲಿಲ್ಲ.

ಅಧ್ಯಕ್ಷೆ ಸಣ್ಣ ಆಳು, ಬಿಳಿಗೂದಲು, ತಗ್ಗಿದ ದನಿ. ಸೂರ್ಯಾಸ್ತಗಳ ಮುಂದೆ ನಿಂತು "ಪರವಾಗಿಲ್ವೇ, ಮಕ್ಕಳ ಕೈ ಚುರುಕಿದೆ," ಎಂದರು. ಡ್ರಾಯಿಂಗ್ ಮೇಷ್ಟ್ರು ಕೈ ಮುಗಿದು ಬಾಗಿದರು. ಚಿತ್ರ ಬರೆದು ತೋರಿಸು ಎಂದು ಯಾವ ಮಗುವನ್ನೂ ಯಾರೂ ಕರೆಯಲಿಲ್ಲ.

ಅವರು ಕಿಟಕಿಯ ಕಡೆ ತಿರುಗುವ ಹೊತ್ತಿಗೆ ಮೋಡ ಸರಿಯಿತು.

ಬಿಸಿಲು ಹೊದಿಕೆಯ ಹಿಂದೆ ಬಂದು ನಿಂತಿತು. ಪ್ರತಿ ಚೌಕದ ಎಡ ಮೇಲ್ಮೂಲೆಯಲ್ಲಿ ಒಂದೊಂದು ಬೆಳಕಿನ ಕಾಳು. ಅಡ್ಡಕ್ಕೂ ಉದ್ದಕ್ಕೂ, ಲೆಕ್ಕದ ಪುಸ್ತಕದ ಚುಕ್ಕಿಗಳ ಹಾಗೆ, ಸಾಲಿಗೆ ಸಾಲು ನೇರ. ನೆಲದ ಮೇಲೂ ಅದೇ ಚುಕ್ಕಿಗಳು ಬಿದ್ದವು.

ಅಧ್ಯಕ್ಷೆ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು.

"ಅಲ್ರೀ, ನಿಮ್ಮ ಮಕ್ಕಳೆಲ್ಲ ಒಂದೇ ಕಲ್ಲಿಗೆ ಎಡವಿದ್ದಾರಲ್ಲ!"

ಹೆಡ್‌ಮೇಡಂ ಮುಖದ ರಕ್ತ ಇಂಗಿತು. "ಮಕ್ಕಳೇ ಮಾಡಿದ್ದು ಅಮ್ಮಾ. ಹೆಸರು ನೋಡಿ, ಒಂದೊಂದರ ಮೇಲೂ..."

"ಹೆಸರು ನೋಡಿದೆ. ಕೈ ನೋಡಬೇಕು. ಒಂದು ಮಗು ಹೆಣೆದು ತೋರಿಸ್ಲಿ."

"ನಾನು! ನಂಗೆ ಬರುತ್ತೆ!" ಎಡಗೈಯೊಂದು ಸಾಲಿನ ನಡುವಿನಿಂದ ಮೇಲೆದ್ದಿತು.

ಟೀಚರ್ ಎಡಚಿಯ ಭುಜದ ಮೇಲೆ ಕೈಯಿಟ್ಟು ಕೆಳಕ್ಕೆ ಅದುಮಿದಳು. ಇವಳು ಬಾಯಿಬಿಟ್ಟರೆ ಎಲ್ಲ ಮುಗಿಯಿತು ಎಂದಷ್ಟೇ ಆ ಹೊತ್ತಿಗೆ ಹೊಳೆದದ್ದು. ತಾನು ಚೆನ್ನಾಗಿ ಕಲಿಸುತ್ತೇನೆ ಎನ್ನುವುದಕ್ಕೆ ಈ ಭೂಮಿಯ ಮೇಲೆ ಇದ್ದ ಒಂದೇ ಸಾಕ್ಷಿಯನ್ನು ಅವಳು ತನ್ನ ಕೈಯಾರೆ ನೆಲಕ್ಕೆ ಒತ್ತುತ್ತಿದ್ದಳು.

"ಟೀಚರ ಮಗಳೇ ಇದ್ದಾಳಲ್ಲ," ಎಂದು ಹೆಡ್‌ಮೇಡಂ ಮಿಣುಕಿಯನ್ನು ಮುಂದೆ ನೂಕಿದರು. ಮಗಳಿಗೆ ಕಡ್ಡಿ ಹಿಡಿಯಲು ಬರುವುದಿಲ್ಲ ಎಂದೇ ಟೀಚರ್ ತಿಳಿದಿದ್ದಳು.

ಮಿಣುಕಿ ಮೇಜಿನ ಮೇಲಿನ ಅರೆಬರೆ ಚೌಕವನ್ನು ಎತ್ತಿಕೊಂಡಳು. ಅಮ್ಮನನ್ನು ಒಮ್ಮೆ ನೋಡಿ ಕಣ್ಣು ಮಿಟುಕಿಸಿದಳು. ಹೆಣೆಯತೊಡಗಿದಳು. ನಿಧಾನ, ಆದರೆ ನೇರ. ಒಂದು ಸಾಲು, ಇನ್ನೊಂದು. ಟೀಚರ್ ಉಸಿರು ಬಿಟ್ಟಳು. ಯಾವಾಗ ಕಲಿತಳು ಇವಳು? ಮುಂದಿನ ಸಾಲಿನಲ್ಲಿ ಹುಡುಗಿ ತುಟಿ ಅಲುಗಿಸಿ ಎಣಿಸಿದಳು, ಎಡಗಡೆ ಐದು ಉಳಿದಾಗ ನಿಂತಳು, ಒಂದು ಕುಣಿಕೆಯನ್ನು ಬಹಳ ಜೋಪಾನವಾಗಿ ಕಡ್ಡಿಯಿಂದ ಜಾರಿಸಿ ಬಿಟ್ಟಳು, ಪಕ್ಕದ್ದರ ಜೊತೆ ಸೇರಿಸಿದಳು, ಮುಂದೆ ಹೋದಳು. ಅಮ್ಮ ಮಾಡಿದ ಹಾಗೆಯೇ. ಅದೇ ವಿನ್ಯಾಸ ಎಂದು ಅವಳು ತಿಳಿದಿದ್ದಳು. ಪ್ರತಿ ಚೌಕದಲ್ಲೂ ಅಮ್ಮ ಅಷ್ಟು ಶ್ರದ್ಧೆಯಿಂದ ಮಾಡುವುದು ತಪ್ಪಾಗಿರಲು ಹೇಗೆ ಸಾಧ್ಯ?

"ಯಾರಮ್ಮ ನಿಂಗೆ ಅಲ್ಲಿ ಬಿಡು ಅಂತ ಹೇಳಿಕೊಟ್ಟಿದ್ದು?"

"ನಮ್ಮಮ್ಮ," ಎಂದಳು ಮಿಣುಕಿ, ಎದೆಯುಬ್ಬಿಸಿ.

ಯಾರೋ ಚಪ್ಪಾಳೆ ತಟ್ಟಿದರು. ಹೆಡ್‌ಮೇಡಂ. ಮುಖಕ್ಕೆ ರಕ್ತ ಮರಳಿತ್ತು. "ನೋಡಿದ್ರಾ ಅಮ್ಮಾ, ಮಕ್ಕಳೇ ಹೆಣೆದಿದ್ದು. ಕಲಿಸಿದ ಹಾಗೆ ಹೆಣೆದಿದ್ದಾರೆ, ಪಾಪ."

ಅಧ್ಯಕ್ಷೆ ಟೀಚರ ಕಡೆ ತಿರುಗಿದರು. ಎರಡನೇ ಚೌಕವನ್ನು ಕಡ್ಡಿಸಮೇತ ಎತ್ತಿ ಅವಳ ಮುಂದೆ ಚಾಚಿದರು. "ನೀವು ಹೆಣೆದು ತೋರಿಸಿ."

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ದರಿಗೂ ಪುಲಿಗೂ ನಡುವೆ ಕನಿಷ್ಠ ಓಡುವುದಕ್ಕಾದರೂ ಜಾಗವಿರುತ್ತದೆ. ತೂತು ಬಿಟ್ಟರೆ ಹೆಣಿಗೆಯೇ ಬಾರದವಳು. ಸರಿಯಾಗಿ ಹೆಣೆದರೆ? ತೂತುಗಳೆಲ್ಲ ಬೇಕೆಂದೇ ಮಾಡಿದವು ಎಂದು ಈ ಮುದುಕಿಗೆ ಆ ಕ್ಷಣವೇ ತಿಳಿಯುತ್ತದೆ. ಮಕ್ಕಳ ಹೆಸರಲ್ಲಿ ಮೋಸ. ಮಾಡಿಸಿದವರು ಅಧ್ಯಕ್ಷೆಯ ಹಿಂದೆ ನಿಂತು ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ, ನಾನು ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ, ಎಂಬ ಪ್ರಶ್ನೆ ಸಿದ್ಧವಾಗಿತ್ತು. ಮೋಸಗಾತಿಯ ಮಗಳನ್ನು ಇಂದು ಮಧ್ಯಾಹ್ನವೇ ಚೀಲದ ಸಮೇತ ಗೇಟಿನಾಚೆ ನಿಲ್ಲಿಸುತ್ತಾರೆ. ಮೇಜಿನ ಪಕ್ಕದಲ್ಲಿ ಆ ಮಗಳು, ಇನ್ನೂ ಚಪ್ಪಾಳೆಯ ಬಿಸಿಯಲ್ಲಿ, ಅಮ್ಮ ತನ್ನ ಹಾಗೆಯೇ ಹೆಣೆಯುವುದನ್ನು ನೋಡಲು ಕಾಯುತ್ತಿದ್ದಳು.

ಅವಳು ಹೆಣೆದಳು. ಎಡಗಡೆಯಿಂದ ಐದನೆಯದಕ್ಕೆ ಬಂದಳು, ಬಿಟ್ಟಳು, ಪಕ್ಕದ್ದಕ್ಕೆ ಸೇರಿಸಿದಳು, ಮುಂದೆ ಹೋದಳು.

"ಸಾಕು," ಎಂದರು ಅಧ್ಯಕ್ಷೆ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದು ಸಿಟ್ಟಿಗಿಂತ ಆಳಕ್ಕೆ ಇಳಿಯಿತು. "ಬಾರದೇ ಇರೋದು ತಪ್ಪಲ್ಲಮ್ಮ. ಬಾರದೇ ಇರೋದನ್ನ ಕಲಿಸೋದು ತಪ್ಪು. ಒಂದು ತರಗತಿ ಮಕ್ಕಳ ಕೈ ಕೆಡಿಸಿದ್ದೀರಿ." ಹೊದಿಕೆಯ ಕಡೆ ಕಣ್ಣು ಹಾಯಿಸಿ, "ಇದನ್ನ ನಾನೇನು ಮಾಡ್ಲಿ? ವಾಚ್‌ಮನ್ ನಾಯಿಗೆ ಹಾಸಿಬಿಡಿ, ಚಳಿಗೆ ಆಗುತ್ತೆ," ಎಂದು ಸೂರ್ಯಾಸ್ತಗಳ ಕಡೆಗೆ ಹಿಂದಿರುಗಿದರು.

ಎಡಚಿ ಸಾಲಿನಲ್ಲೇ ನಿಂತಿದ್ದಳು. ತೋಳಿನ ಮೇಲೆ ಎರಡು ಉಗುರಿನ ಗುರುತು.

ಮಧ್ಯಾಹ್ನ ಹೆಡ್‌ಮೇಡಂ ಟೀಚರನ್ನು ಒಳಗೆ ಕರೆದು, ಬಾಗಿಲು ಹಾಕಿ, ಅಪರೂಪಕ್ಕೆ ಕುರ್ಚಿ ತೋರಿಸಿದರು.

"ಡ್ರಾಯಿಂಗ್ ಮೇಷ್ಟ್ರದ್ದು ಆಯ್ತು. ನಾನೇನು ಮಾಡ್ಲಿ ಹೇಳಿ, ನನ್ನ ಕೈಯಲ್ಲಿ ಏನಿದೆ? ಆದ್ರೆ ನೀವು ನನ್ನ ಮಾನ ಉಳಿಸಿದ್ರಿ, ಮರೆಯಲ್ಲ. ರಜೆವರೆಗೆ ಮಗಳು ಇಲ್ಲೇ ಓದ್ಲಿ. ಯಾರಾದ್ರೂ ಕೇಳಿದ್ರೆ ನಾನಿದ್ದೀನಿ."

"ಮೇಡಂ, ನಂಗೆ ಹೆಣಿಗೆ ಬರಲ್ಲ ಅಂತ ಅವರು..."

"ನಂಗೆ ಗೊತ್ತಲ್ಲಮ್ಮ ನಿಮ್ಮ ಕೈ. ಅದಕ್ಕೇ ಕರೆದಿದ್ದು." ಹೆಡ್‌ಮೇಡಂ ದನಿ ತಗ್ಗಿಸಿದರು. "ಅಧ್ಯಕ್ಷೆಯವರ ಮೊಮ್ಮಗುವಿಗೆ ನನ್ನ ಕಡೆಯಿಂದ ಒಂದು ಟೋಪಿ ಕೊಡಬೇಕು. ಅಂಗಡೀಲಿ ಕೊಂಡಿದ್ದು ಅಂತೀನಿ. ಸೋಮವಾರಕ್ಕೆ ಹೆಣೆದುಕೊಡಿ." ಬಾಗಿಲ ತನಕ ಬಂದು ಮೆಲ್ಲಗೆ ಸೇರಿಸಿದರು: "ತಪ್ಪಿಲ್ಲದೆ."

ಮನೆಯಲ್ಲಿ ಸುದ್ದಿ ಕೇಳಿ ಗಂಡ ಬೂಟಿನ ಲೇಸು ಬಿಚ್ಚುತ್ತಾ ಹೇಳಿದ: "ಎಲ್ಲಿ, ಖಾಯಂ ಆದ ಮೇಲೆ ಮಾತಾಡೋಣ ಅಂದಿದ್ನಲ್ಲ. ಮಾತಾಡೋ ಶ್ರಮ ಉಳೀತು." ತನ್ನ ಹಾಸ್ಯಕ್ಕೆ ತಾನೇ ನಕ್ಕು, ಯಾರೂ ನಗದಿದ್ದರಿಂದ ಹೊರಗೆ ಹೋದ.

ಮಿಣುಕಿ ಮೂಲೆಯಲ್ಲಿ ಕೂತು ಹೆಣೆಯುತ್ತಿದ್ದಳು. ವಾರದಿಂದ ಹೆಣೆಯುತ್ತಿದ್ದ ಪಟ್ಟಿ, ಅಜ್ಜಿಯ ಮಂಡಿಗೆಂದು. ಉದ್ದಕ್ಕೂ ಎಡಗಡೆ ತೂತುಗಳ ಸಾಲು, ಗುಂಡಿ ಹಾಕಲು ಬಿಟ್ಟ ಹಾಗೆ ಸಮನಾಗಿ. ಅಮ್ಮ ಮೊದಲ ಸಲ ಅದನ್ನು ಕೈಗೆತ್ತಿಕೊಂಡು ನೋಡಿದಳು.

"ಇಲ್ಲಿ ಬಿಡಬಾರದು ಮರಿ."

"ನೀನು ಬಿಡ್ತಿದ್ದೆಯಲ್ಲ."

"ನಾನು ಬಿಟ್ಟೆ. ನೀನು ಬಿಡಬಾರದು."

"ಯಾಕೆ? ತೋರಿಸಿದಾಗ ಚೆನ್ನಾಗಿದೆ ಅಂದೆ." ಮಗಳ ಕಣ್ಣು ಮಿಟುಕುವುದು ನಿಂತಿತು. ಚಪ್ಪಾಳೆ, ಮುದುಕಿಯ ಮಾತು, ಬಸ್ಸಿನಲ್ಲಿ ಅಮ್ಮನ ಮೌನ, ಇವೆಲ್ಲ ಆ ಪುಟ್ಟ ತಲೆಯಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. "ಅಮ್ಮಾ, ನಿನ್ನ ಕೆಲಸ ಹೋಗಿದ್ದು ನನ್ನಿಂದಾನಾ?"

ಇಲ್ಲ ಎನ್ನಬೇಕಿತ್ತು. ಬಾಯಿ ತೆರೆದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಮತ್ತೆ ಯಾರಿಂದ, ಎಂಬುದು. ಅದಕ್ಕೆ ಉತ್ತರ ಸೋಮವಾರ ಶಾಲೆಯ ಗೇಟಿನಲ್ಲಿ ಮಿಣುಕಿಯ ಬಾಯಿಂದ ಎಡಚಿಗೆ, ಎಡಚಿಯಿಂದ ಎಲ್ಲರಿಗೂ. ರಜೆವರೆಗೆ ಓದಬೇಕಾದ ಮಗು. ಅವಳು ತಡಮಾಡಿದಳು, ಉಗುಳು ನುಂಗುವಷ್ಟೇ ಹೊತ್ತು.

"ಇನ್ಯಾರಿಂದ?" ಎಂದರು ಅತ್ತೆ, ಕೂತಲ್ಲಿಂದ.

ಮಿಣುಕಿ ಅಳಲಿಲ್ಲ. ಪಟ್ಟಿಯನ್ನು ಅಮ್ಮನ ಕೈಯಿಂದ ತೆಗೆದುಕೊಂಡು, ಕಡ್ಡಿಯನ್ನು ಎಳೆದು ಪಕ್ಕಕ್ಕಿಟ್ಟಳು. ದಾರದ ತುದಿ ಹಿಡಿದಳು. ಕುರ್ಚಿಯನ್ನು ಹತ್ತಿರಕ್ಕೆಳೆದು, ಅಮ್ಮ ಮಾಡುವುದನ್ನು ಕಂಡಿದ್ದ ಹಾಗೆಯೇ, ಅದರ ಬೆನ್ನಿಗೆ ಸುತ್ತುತ್ತಾ ಸರ್ರನೆ ಬಿಚ್ಚತೊಡಗಿದಳು. ಬಿಚ್ಚುವುದರಲ್ಲಿ ಒಂದು ತಪ್ಪೂ ಆಗಲಿಲ್ಲ.

ಟೀಚರ್ ನೋಡುತ್ತಾ ನಿಂತಳು. ಆಮೇಲೆ, ಟೋಪಿಗೆ ದಾರ ಬೇಕಿತ್ತಾದ್ದರಿಂದ, ಅದನ್ನು ಸುತ್ತಿಸಿಕೊಳ್ಳಲು ಎರಡೂ ಕೈಗಳನ್ನು ಮುಂದೆ ಚಾಚಿದಳು.